ಹಾಯಿದೋಣಿ: ಮನೆಗೆ ಎಳೆದು ತರೋಣವಾ, ಧಕ್ಕೆಯಲ್ಲೇ ಕಟ್ಟೋಣವಾ?

ಮೊದಲ ಬೇಸಿಗೆಯಲ್ಲಿ ನಮ್ಮ ದೋಣಿ ಟ್ರೇಲರ್ ಮೇಲೆ, ಮನೆ ಮುಂದೆ ನಿಂತಿತ್ತು. ನೀರಿಗೆ ಇಳಿದದ್ದು ಏಳೇ ಸಲ. ಮರುವರ್ಷ ಮರೀನಾದಲ್ಲಿ, ಅಂದರೆ ದೋಣಿ ಕಟ್ಟುವ ಧಕ್ಕೆಯಲ್ಲಿ, ಜಾಗ ಬಾಡಿಗೆಗೆ ಹಿಡಿದೆ. ವಾರಕ್ಕೆ ಎರಡು ಸಲವಾದರೂ ಹೋದೆವು. ದೋಣಿ ಅದೇ, ನೀರು ಅದೇ, ನಾವೂ ಅವರೇ. ಕಡಿಮೆಯಾದದ್ದು ಒಂದೇ ಕೆಲಸ: ಹಾಯಿ ಕಟ್ಟುವ ಕಂಬ, ಅಂದರೆ ಮಾಸ್ಟ್ ಎತ್ತುವುದು.

ನಾನಿರುವುದು ಅಮೆರಿಕದ ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರ. ಪಕ್ಕದಲ್ಲೇ ಸೇಂಟ್ ಕ್ಲೇರ್ ಸರೋವರ. ಸುಮಾರು 430 ಚದರ ಮೈಲಿ ಇದೆ, ಆದರೂ ಮನೆಯಲ್ಲಿ ಅದನ್ನು ಕೆರೆ ಅಂತಲೇ ಕರೆಯುತ್ತೇವೆ. ಸರಾಸರಿ ಆಳ ಬರೀ 11 ಅಡಿ. ಊಟದ ತಟ್ಟೆಯಲ್ಲಿ ನೀರು ಹೊಯ್ದ ಹಾಗೆ. ಇಂಥ ಕಡೆ ಹೊಸದಾಗಿ ಹಳೇ ದೋಣಿ ಕೊಂಡವರೆಲ್ಲ ಕೇಳುವ ಪ್ರಶ್ನೆ ಒಂದೇ. ಪ್ರತಿ ಸಲ ಎಳೆದು ತಂದು ಇಳಿಸುವುದೋ, ನೀರಲ್ಲೇ ಕಟ್ಟಿ ಬಿಡುವುದೋ?

ಮಲ್ಪೆ ಕಡೆಯವರಿಗೆ ಈ ಪ್ರಶ್ನೆ ಹೊಸತಲ್ಲ. ನಾಡದೋಣಿಯನ್ನು ಮರಳಿನ ಮೇಲೆ ಎಳೆದು ಹಾಕುತ್ತಾರೆ, ದೊಡ್ಡ ಬೋಟು ಬಂದರಿನಲ್ಲೇ ಇರುತ್ತದೆ. ನಾಲ್ಕು ಜನ ಎಳೆಯಬಹುದಾದದ್ದು ದಡಕ್ಕೆ, ಆಗದ್ದು ಧಕ್ಕೆಗೆ. ನಮ್ಮ ಕಷ್ಟ ಏನೆಂದರೆ, 22 ಅಡಿಯ ಹಾಯಿದೋಣಿ ಇವೆರಡರ ನಡುವೆ ಬೀಳುತ್ತದೆ.

ಮೊದಲು ಗಡಿಯಾರ ನೋಡಿ

ಎಲ್ಲರೂ ದುಡ್ಡಿನ ಲೆಕ್ಕದಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಹೊತ್ತಿನ ಲೆಕ್ಕ ಮೊದಲು ಹಾಕಿ.

ನಮ್ಮದು ಕ್ಯಾಟಲೀನಾ 22. ಈ ಮಾದರಿಯ ದೋಣಿಗಳು 15,000ಕ್ಕೂ ಜಾಸ್ತಿ ತಯಾರಾಗಿವೆ, ಹಾಗಾಗಿ ಸೆಕೆಂಡ್ ಹ್ಯಾಂಡ್ ಸುಲಭವಾಗಿ ಸಿಗುತ್ತದೆ. ತೂಕ ಸುಮಾರು ಒಂದು ಟನ್, ಮಾಸ್ಟ್ ಸುಮಾರು 25 ಅಡಿ. ಕಾರಿಗೆ ಕಟ್ಟಿ ಹೊರಡಲು ಇಪ್ಪತ್ತು ನಿಮಿಷ. ಅಲ್ಲಿ ಹೋಗಿ ಮಾಸ್ಟ್ ಎತ್ತಿ, ಹಾಯಿ ಜೋಡಿಸಲು ಒಂದು ಗಂಟೆ. ಇಳಿಸಲು ಸರದಿ. ವಾಪಸ್ ಬರುವಾಗ ಇದೆಲ್ಲ ತಿರುಗಾ ಮುರುಗಾ. ಆಫೀಸು ಮುಗಿಸಿ ಎರಡು ಗಂಟೆ ಗಾಳಿ ಕುಡಿಯೋಣ ಅಂದವರಿಗೆ ಇದು ಆಗುವ ಮಾತಲ್ಲ.

ಅದೇ ಸನ್‌ಫಿಶ್‌ನಂಥ ದೋಣಿ ಇದ್ದರೆ ಕಥೆಯೇ ಬೇರೆ. ಹದಿನಾಲ್ಕು ಅಡಿಗೆ ಸ್ವಲ್ಪ ಕಡಿಮೆ ಉದ್ದ, ಅರವತ್ತು ಕಿಲೋ ಆಸುಪಾಸು ತೂಕ. ಮಾಸ್ಟನ್ನು ಒಬ್ಬರೇ ಎತ್ತಿ ತೂತಿಗೆ ಇಳಿಸಿದರೆ ಮುಗಿಯಿತು. ಇಂಥದ್ದಕ್ಕೆ ಮರೀನಾ ಬಾಡಿಗೆ ಕೊಡುವುದು ಸೈಕಲ್ಲಿಗೆ ಗ್ಯಾರೇಜ್ ಹಿಡಿದ ಹಾಗೆ.

ಹಾಗಾಗಿ ದೋಣಿ ನೋಡಲು ಹೋದಾಗ ಮಾರುವವರ ಅಂಗಳದಲ್ಲೇ ಒಮ್ಮೆ ಮಾಸ್ಟ್ ಎತ್ತಿಸಿ. ವಾಚು ನೋಡಿಕೊಳ್ಳಿ. ಅರ್ಧ ಗಂಟೆಯೊಳಗೆ ಇಬ್ಬರ ಕೈಯಲ್ಲಿ ನಿಂತರೆ ಟ್ರೇಲರ್ ಬಗ್ಗೆ ಯೋಚಿಸಬಹುದು.

ಎಳೆದುಕೊಂಡು ಹೋಗುವುದಾದರೆ

ದೋಣಿ, ಟ್ರೇಲರ್, ಮೋಟಾರು, ಒಳಗಿನ ಸಾಮಾನು ಎಲ್ಲ ಸೇರಿ ನಮ್ಮದು 1,600 ಕಿಲೋ ಹತ್ತಿರ ಬರುತ್ತದೆ. ನಿಮ್ಮ ಕಾರು ಎಷ್ಟು ಎಳೆಯಬಲ್ಲದು ಎಂಬುದು ಅದರ ಕೈಪಿಡಿಯಲ್ಲಿ ಇರುತ್ತದೆ. ಅಂಗಡಿಯವರ ಬಾಯಿಮಾತು ನಂಬಬೇಡಿ. ಅಗಲದ ಚಿಂತೆ ಬೇಡ. ರಸ್ತೆಯಲ್ಲಿ ಎಂಟೂವರೆ ಅಡಿವರೆಗೆ ಪ್ರತ್ಯೇಕ ಪರ್ಮಿಟ್ ಬೇಕಿಲ್ಲ, ಈ ದೋಣಿ ಎಂಟು ಅಡಿಯೂ ಇಲ್ಲ.

ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲು ಕಾರಿನ ಹಿಚ್, ಅಂದರೆ ಟ್ರೇಲರ್ ಸಿಕ್ಕಿಸುವ ಕೊಂಡಿ, ಅದರ ಮೇಲೆ ಕೂರಬೇಕು. ಅದಕ್ಕಿಂತ ತೀರಾ ಕಡಿಮೆಯಾದರೆ ವೇಗ ಹೆಚ್ಚಿದಂತೆ ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ಹಾಗಾದಾಗ ಗಾಬರಿಯಿಂದ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಡಿ. ದೋಣಿಯ ಹಿಂಬದಿಯಲ್ಲಿ ತೂಗುವ ಮೋಟಾರು, ಐಸ್ ಪೆಟ್ಟಿಗೆ, ಲಂಗರು ಎಲ್ಲ ಈ ತೂಕವನ್ನು ಬದಲಿಸುತ್ತವೆ. ನಾನಂತೂ ಭಾರದ್ದನ್ನೆಲ್ಲ ಕಾರಿನೊಳಗೇ ಇಡುತ್ತೇನೆ.

ಕೀಲ್, ಅಂದರೆ ದೋಣಿಯ ತಳದಿಂದ ನೀರಿಗೆ ಇಳಿಬಿಡುವ ಭಾರದ ಹಲಗೆ, ಮಡಚುವ ಮಾದರಿಯದಾಗಿದ್ದರೆ, ಹೊರಡುವ ಮುಂಚೆ ಅದನ್ನು ಟ್ರೇಲರಿನ ಆಸರೆ ಮೇಲೆ ಇಳಿಸಿ ಕೂರಿಸಿ. ಅದೊಂದೇ ಸುಮಾರು 250 ಕಿಲೋ ಕಬ್ಬಿಣ. ದಾರಿಯುದ್ದಕ್ಕೂ ಒಂದು ಸಣ್ಣ ಕೇಬಲ್ ಮೇಲೆ ಕುಣಿಯುವುದು ಬೇಡ. ಇಪ್ಪತ್ತು ನಿಮಿಷ ಓಡಿಸಿದ ಮೇಲೆ ಒಮ್ಮೆ ನಿಲ್ಲಿಸಿ, ಚಕ್ರದ ನಡುವಿನ ಹಬ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ ಬೇರಿಂಗ್ ಹೋಗುತ್ತಿದೆ ಎಂದರ್ಥ. ಕಾದ ಹಬ್ಬನ್ನು ತಣ್ಣೀರಿಗೆ ಇಳಿಸಿದರೆ ಅದು ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಗ್ರೀಸ್ ಕೆಡುತ್ತದೆ. ಅಲ್ಲಿಗೆ ತಲುಪಿದ ಮೇಲೆ ಮಾಸ್ಟ್ ಎತ್ತುವ ಹೊತ್ತು ಇದೆಯಲ್ಲ, ಅಷ್ಟರಲ್ಲಿ ಅದು ಆರುತ್ತದೆ. ಆ ಒಂದು ಗಂಟೆಯಿಂದ ಆಗುವ ಉಪಕಾರ ಇದೊಂದೇ.

ಮಾಸ್ಟ್ ಎತ್ತುವಾಗ

ಮೊದಲು ತಲೆ ಎತ್ತಿ ಮೇಲೆ ನೋಡಿ. ಕರೆಂಟ್ ತಂತಿ ಇದೆಯಾ? ನಿಂತ ಜಾಗದಲ್ಲಿ ಮಾತ್ರ ಅಲ್ಲ, ಅಲ್ಲಿಂದ ನೀರಿನ ತನಕದ ದಾರಿಯಲ್ಲೂ ನೋಡಿ. ಅಲ್ಯೂಮಿನಿಯಂ ಮಾಸ್ಟ್ ತಂತಿಗೆ ತಗುಲಿದರೆ ಪ್ರಾಣ ಹೋಗುತ್ತದೆ. ಈ ಒಂದು ವಿಷಯದಲ್ಲಿ ಅವಸರ ಬೇಡವೇ ಬೇಡ.

ಮಾಸ್ಟಿನ ಬುಡವನ್ನು ದೋಣಿ ಮೇಲಿನ ಹಿಂಜ್‌ಗೆ ಸಿಕ್ಕಿಸಿ. ಒಬ್ಬರು ದೋಣಿಯ ಹಿಂಭಾಗದಲ್ಲಿ ನಿಂತು ಹೆಗಲು ಕೊಟ್ಟು ಮೇಲೆತ್ತುತ್ತಾರೆ, ಇನ್ನೊಬ್ಬರು ಮುಂದಿನಿಂದ ಹಗ್ಗ ಎಳೆಯುತ್ತಾರೆ. ಎತ್ತುವ ಮೊದಲು ಪಕ್ಕದ ಉಕ್ಕಿನ ತಂತಿಗಳ ಬುಡದಲ್ಲಿರುವ ಟರ್ನ್‌ಬಕಲ್ (ತಂತಿ ಬಿಗಿಮಾಡುವ ತಿರುಪು) ಮಡಚಿಕೊಂಡಿಲ್ಲ ತಾನೇ ಎಂದು ಕೈಯಿಂದ ಮುಟ್ಟಿ ನೋಡಿ. ಓರೆಯಾಗಿ ನಿಂತದ್ದನ್ನು ಹಾಗೇ ಎತ್ತಿದರೆ ಬಾಗುತ್ತದೆ. ಮುಂದಿನ ತಂತಿಗೆ ಪಿನ್ ಹಾಕಿ, ಅದಕ್ಕೆ ಪುಟ್ಟ ರಿಂಗ್ ಸಿಕ್ಕಿಸುವ ತನಕ ಯಾರೂ ಕೈ ಬಿಡಬಾರದು. ಆ ರಿಂಗ್‌ಗಳು ಕಿವಿಯೋಲೆಯ ತಿರುಪಿನ ಹಾಗೆ, ಬಿದ್ದರೆ ಸಿಗುವುದಿಲ್ಲ. ಒಂದು ಡಬ್ಬಿ ತುಂಬ ಇಟ್ಟುಕೊಳ್ಳಿ.

ರ‍್ಯಾಂಪಿನಲ್ಲಿ

ರ‍್ಯಾಂಪ್ ಅಂದರೆ ದೋಣಿಯನ್ನು ನೀರಿಗೆ ಇಳಿಸುವ ಇಳಿಜಾರು. ಅಲ್ಲಿಗೆ ಬರುವ ಮುಂಚೆಯೇ ಎಲ್ಲ ತಯಾರಿ ಮುಗಿಸಿ. ಹಿಂದೆ ಸಾಲು ನಿಲ್ಲಿಸಿ ಹಾಯಿ ಕಟ್ಟುತ್ತಾ ಕೂತವರ ಮೇಲೆ ಬೀಳುವ ನೋಟ ಇದೆಯಲ್ಲ, ಅದು ಬೇಡ. ದೋಣಿಯನ್ನು ಟ್ರೇಲರಿಗೆ ಬಿಗಿದ ಹಿಂದಿನ ಪಟ್ಟಿ ಬಿಚ್ಚಿ. ಮೂತಿಗೆ ಸಿಕ್ಕಿಸಿದ ವಿಂಚ್ (ದೋಣಿ ಎಳೆಯುವ ರಾಟೆ) ಪಟ್ಟಿ ಮಾತ್ರ ಇರಲಿ. ಮುಂದೊಂದು, ಹಿಂದೊಂದು ಹಗ್ಗ ಕಟ್ಟಿ ದಡದಲ್ಲಿರುವವರ ಕೈಗೆ ಕೊಡಿ. ಚಿಕ್ಕ ದೋಣಿಗಳಲ್ಲಿ ಹಿಂಬದಿಯ ನೀರು ಬಸಿಯುವ ತೂತಿಗೆ ಬಿರಡೆ ಇರುತ್ತದೆ, ಹಾಕಿದ್ದೀರಾ ನೋಡಿ. ಟ್ರೇಲರ್ ದೀಪದ ವೈರ್ ಕಳಚಿ.

ರಿವರ್ಸ್ ಹೋಗುವಾಗ ಸ್ಟೀರಿಂಗ್‌ನ ಕೆಳಭಾಗ ಹಿಡಿಯಿರಿ. ಟ್ರೇಲರಿನ ಹಿಂಬದಿ ಎಡಕ್ಕೆ ಹೋಗಬೇಕಾದರೆ ಕೈ ಎಡಕ್ಕೆ, ಬಲಕ್ಕಾದರೆ ಬಲಕ್ಕೆ. ಭಾನುವಾರ ಬೆಳಗ್ಗೆ ಖಾಲಿ ಪಾರ್ಕಿಂಗ್ ಜಾಗದಲ್ಲಿ ಒಂದು ಗಂಟೆ ಅಭ್ಯಾಸ ಮಾಡಿದರೆ ಬರುತ್ತದೆ. ಸೀಟ್‌ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ. ರ‍್ಯಾಂಪಿನಲ್ಲಿ ಪಾಚಿ ಕಟ್ಟಿರುತ್ತದೆ, ಕಾರೂ ಜಾರಬಹುದು. ದೋಣಿಯ ಹಿಂಭಾಗ ತೇಲಿದಾಗ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಆಮೇಲೆ ವಿಂಚ್ ಪಟ್ಟಿ ಬಿಚ್ಚಿ.

ನಾನು ಮೊದಲ ಸಲ ಹಿಂದಿನ ಪಟ್ಟಿ ಬಿಚ್ಚುವುದನ್ನೇ ಮರೆತಿದ್ದೆ. ಎಷ್ಟು ಹಿಂದೆ ಹೋದರೂ ದೋಣಿ ಬಿಡುತ್ತಿಲ್ಲ. ಕೊನೆಗೆ ನೋಡಿದರೆ ಟ್ರೇಲರಿನ ಚಕ್ರಗಳೇ ನೆಲ ಬಿಟ್ಟು ಎದ್ದಿದ್ದವು. ಅತ್ತಿಗೆ ದಡದಲ್ಲಿ ನಿಂತು ವಿಡಿಯೊ ಮಾಡುತ್ತಿದ್ದರು. ಆ ವಿಡಿಯೊ ಈಗಲೂ ಹಬ್ಬಕ್ಕೊಮ್ಮೆ ಫ್ಯಾಮಿಲಿ ಗ್ರೂಪಿಗೆ ಬರುತ್ತದೆ.

ವಾಪಸ್ ಎಳೆಯುವಾಗ ಕೀಲ್ ಪೂರ್ತಿ ಮೇಲಿರಲಿ. ದೋಣಿಯೊಳಗಿನ ನೀರನ್ನೆಲ್ಲ ರ‍್ಯಾಂಪಿನ ಹತ್ತಿರವೇ ಬಸಿಯಬೇಕು, ಬಿರಡೆ ಇದ್ದರೆ ತೆಗೆದೇ ರಸ್ತೆಗೆ ಇಳಿಯಬೇಕು. ಮಿಷಿಗನ್‌ನಲ್ಲಿ 2019ರಿಂದ ಇದು ಕಾನೂನು. ಕಾರಣವೂ ಈ ಕೆರೆಯಲ್ಲೇ ಇದೆ. ಜೀಬ್ರಾ ಮಸಲ್ ಎಂಬ ಉಗುರಿನಷ್ಟು ಚಿಪ್ಪಿನ ಜೀವಿ ಉತ್ತರ ಅಮೆರಿಕದ ನೀರಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು 1988ರಲ್ಲಿ, ಸೇಂಟ್ ಕ್ಲೇರ್‌ನಲ್ಲೇ. ಕೆರೆಯಿಂದ ಕೆರೆಗೆ ಅದು ಹೋಗುವುದು ನಮ್ಮಂಥವರ ದೋಣಿ ಏರಿಯೇ.

ಧಕ್ಕೆಯಲ್ಲಿ ಕಟ್ಟುವುದಾದರೆ

ಬಾಡಿಗೆ ಸಾಮಾನ್ಯವಾಗಿ ದೋಣಿಯ ಉದ್ದದ ಅಡಿ ಲೆಕ್ಕದಲ್ಲಿ. ಮುಂದೆ ಎರಡು, ಹಿಂದೆ ಎರಡು ಹಗ್ಗ, ಜೊತೆಗೆ ದೋಣಿ ಮುಂದೆ ಹಿಂದೆ ಓಡದಂತೆ ಓರೆಯಾಗಿ ಎರಡು. ಮಾಸ್ಟಿಗೆ ಬಡಿಯುವ ಹಗ್ಗಗಳನ್ನು ದೂರ ಎಳೆದು ಕಟ್ಟಿ. ಇಲ್ಲದಿದ್ದರೆ ರಾತ್ರಿಯಿಡೀ ಟಣ್ ಟಣ್ ಅಂತ ಪಕ್ಕದ ದೋಣಿಯವರ ನಿದ್ದೆ ಕೆಡುತ್ತದೆ. ತಳಕ್ಕೆ ಪಾಚಿ, ಮಸಲ್ ಹತ್ತುತ್ತವೆ, ಅದಕ್ಕೆ ಬೇರೆಯೇ ಬಣ್ಣ ಬಳಿಯಬೇಕು. ಜೋರು ಮಳೆ ಬಂದ ಮರುದಿನ ಹೋಗಿ ಒಳಗೆ ನೀರು ನಿಂತಿದೆಯಾ ನೋಡಬೇಕು.

ಕೊಳ್ಳುವಾಗ ಯಾರೂ ಹೇಳದ ಒಂದು ಮಾತು: ಮರೀನಾದಲ್ಲಿ ಕಟ್ಟಿದರೂ ಇಲ್ಲಿ ಟ್ರೇಲರ್ ಬೇಕೇ ಬೇಕು. ಚಳಿಗಾಲದಲ್ಲಿ ಈ ಕೆರೆ ಹೆಪ್ಪುಗಟ್ಟುತ್ತದೆ. ಅಕ್ಟೋಬರ್ ಹೊತ್ತಿಗೆ ದೋಣಿ ಮೇಲೆ ಬರಬೇಕು. ಟ್ರೇಲರ್ ಇದ್ದರೆ ಮನೆಗೆ ತರುತ್ತೀರಿ. ಇಲ್ಲದಿದ್ದರೆ ಕ್ರೇನಿಗೂ ಅವರ ಅಂಗಳದ ಜಾಗಕ್ಕೂ ದುಡ್ಡು ಕೊಡುತ್ತೀರಿ. ಹಾಗಾಗಿ ಟ್ರೇಲರ್ ಇಲ್ಲದ ದೋಣಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ.

ನನ್ನ ಓಟು

ಇವೆರಡರ ಮಧ್ಯೆ ಇನ್ನೊಂದು ದಾರಿ ಇದೆ, ಈಗ ನಾವಿರುವುದು ಅದರಲ್ಲೇ. ಕೆಲವು ಮರೀನಾ, ಕ್ಲಬ್ಬುಗಳಲ್ಲಿ ದೋಣಿಯನ್ನು ಮಾಸ್ಟ್ ಎತ್ತಿದ ಹಾಗೆಯೇ ಟ್ರೇಲರ್ ಮೇಲೆ ಅಂಗಳದಲ್ಲಿ ಬಿಡಬಹುದು. ಬಂದು, ಹೊದಿಕೆ ತೆಗೆದು, ಅಲ್ಲೇ ರ‍್ಯಾಂಪಿಗೆ ಇಳಿಸಿದರೆ ಆಯಿತು. ತಳಕ್ಕೆ ಪಾಚಿ ಇಲ್ಲ, ಮಾಸ್ಟಿನ ತಂಟೆಯೂ ಇಲ್ಲ. ನಮ್ಮಲ್ಲಿ ಬಾಡಿಗೆಯೂ ನೀರಿನ ಜಾಗಕ್ಕಿಂತ ಕಡಿಮೆ. ಕೇಳುವಾಗ ಎರಡು ವಿಷಯ ಬಿಡಬೇಡಿ: ಅಂಗಳದಿಂದ ನೀರಿನವರೆಗೆ ಮೇಲೆ ತಂತಿ ಇಲ್ಲ ತಾನೇ, ರ‍್ಯಾಂಪ್ ನಿಮ್ಮ ದೋಣಿಗೆ ಸಾಕಷ್ಟು ಆಳ ಇದೆಯಾ. ಇಂಥ ಜಾಗ ಕಡಿಮೆ, ಬೇಗ ತುಂಬುತ್ತವೆ. ಹಿಮ ಕರಗಲಿ ಅಂತ ಕಾಯದೆ ಫೆಬ್ರವರಿಯಲ್ಲೇ ಫೋನ್ ಮಾಡಿ.