ಮರೆವಿನ ಕಾಯಿಲೆಯ ಹಿರಿಯರ ಜೊತೆ ಮನೆಯಲ್ಲಿ ಹಾಡುವ ಕ್ರಮ

ಬೆಳಿಗ್ಗೆ ತಿಂದ ತಿಂಡಿ ಯಾವುದೆಂದು ಹೇಳಲಾಗದ ಅಜ್ಜಿ, ಪಕ್ಕದಲ್ಲಿ ಯಾರಾದರೂ ಹಳೆಯ ದೇವರನಾಮ ಎತ್ತಿಕೊಂಡರೆ ಎರಡನೇ ಚರಣದವರೆಗೂ ತಪ್ಪಿಲ್ಲದೆ ಹೇಳಿಬಿಡುವುದುಂಟು. ಅಲ್ಝೈಮರ್ ಕಾಯಿಲೆಯಲ್ಲಿ ಮೊದಲು ಪೆಟ್ಟು ಬೀಳುವುದು ಹೊಸ ನೆನಪುಗಳನ್ನು ಕೂಡಿಡುವ ಹಿಪೊಕ್ಯಾಂಪಸ್‌ಗೆ. ಹತ್ತಾರು ವರ್ಷ ಹಾಡಿ ನಾಲಿಗೆಗೂ ಕೈಕಾಲಿಗೂ ಒಗ್ಗಿಹೋದ ಹಾಡಿಗೆ ಮಿದುಳಿನ ಬೇರೆ ಭಾಗಗಳ ಆಸರೆಯೂ ಇರುತ್ತದೆ. ಅವು ತಡವಾಗಿ ಸವೆಯುತ್ತವೆ.

ಎಷ್ಟು ಫಲ ಸಿಗಬಹುದು ಎಂಬುದನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಆರೈಕೆ ಕೇಂದ್ರಗಳಲ್ಲಿರುವ, ಮರೆವಿನ ಕಾಯಿಲೆಯ ಹಿರಿಯರ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿದ, ವೈದ್ಯಕೀಯ ಸಂಶೋಧನೆಗಳನ್ನು ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2018ರ ಪರಿಶೀಲನೆ, ಕನಿಷ್ಠ ಐದು ಬಾರಿ ಸಂಗೀತ ಆಧಾರಿತ ಚಿಕಿತ್ಸೆ ಕೊಟ್ಟಾಗ ಖಿನ್ನತೆಯ ಲಕ್ಷಣಗಳೂ ಒಟ್ಟಾರೆ ನಡವಳಿಕೆಯ ತೊಂದರೆಗಳೂ ಬಹುಶಃ ಕಡಿಮೆಯಾಗುತ್ತವೆ ಎಂದಿತು. ನೆನಪಿನ ಶಕ್ತಿಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಅಪ್ಪ ಹಾಡಿದರೆ ನಮ್ಮ ಹೆಸರು ನೆನಪಾದೀತು ಎಂದು ಕಾಯಬೇಡಿ. ಆ ಸಂಜೆ ಅವರು ಹಗುರವಾಗಿದ್ದರೆ ಅದೇ ಫಲ.

ಹಾಡು ಆರಿಸುವುದು

ಹುಟ್ಟಿದ ವರ್ಷಕ್ಕೆ ಹತ್ತು ಕೂಡಿಸಿ, ಮೂವತ್ತು ಕೂಡಿಸಿ. 1945ರಲ್ಲಿ ಹುಟ್ಟಿದವರಾದರೆ 1955ರಿಂದ 1975ರವರೆಗೆ ಅವರ ಕಿವಿಗೆ ಬಿದ್ದ ಹಾಡುಗಳೇ ಹೆಚ್ಚು ಗಟ್ಟಿಯಾಗಿ ಉಳಿದಿರುತ್ತವೆ. ಆಗ ಅವರು ಎಲ್ಲಿದ್ದರು, ಮನೆಯಲ್ಲಿ ರೇಡಿಯೋ ಇತ್ತೇ, ಶನಿವಾರ ಭಜನೆಗೆ ಹೋಗುತ್ತಿದ್ದರೇ, ಮದುವೆಯಲ್ಲಿ ಸೋಬಾನೆ ಹೇಳುತ್ತಿದ್ದರೇ ಎಂದು ಅವರ ತಂಗಿಯನ್ನೋ ಸೋದರಮಾವನನ್ನೋ ಕೇಳಿ. ಉತ್ತರ ಕರ್ನಾಟಕದ ಹಳ್ಳಿಯಲ್ಲಿ ಬೆಳೆದವರಿಗೆ ಸಿನಿಮಾ ಹಾಡಿಗಿಂತ ತತ್ವಪದವೋ ಬೀಸುವ ಪದವೋ ಹತ್ತಿರವಿರಬಹುದು. ಕರಾವಳಿಯವರಿಗೆ ಯಕ್ಷಗಾನದ ಪದ. ಮನೆಮಾತು ತುಳು, ಕೊಂಕಣಿ, ತೆಲುಗು, ಉರ್ದು ಆಗಿದ್ದರೆ ಅಲ್ಲಿಂದಲೇ ಹುಡುಕಿ. ಕಾಯಿಲೆ ಮುಂದುವರಿದಂತೆ ಆಮೇಲೆ ಕಲಿತ ಭಾಷೆ ಮೊದಲು ಸಡಿಲವಾಗುವುದು ಸಾಮಾನ್ಯ.

ಇಂಥ ರೋಗಕ್ಕೆ ಇಂಥ ರಾಗ ಎಂಬ ಪಟ್ಟಿಗಳನ್ನು ಪಕ್ಕಕ್ಕಿಡಿ. ಇಲ್ಲಿ ಕೆಲಸ ಮಾಡುವುದು ಅವರಿಗೂ ಆ ಹಾಡಿಗೂ ಇರುವ ಹಳೆಯ ನಂಟು.

ಹನ್ನೆರಡು ಹಾಡು ಬರೆದುಕೊಂಡು ದಿನಕ್ಕೆ ಮೂರರಂತೆ ಹೇಳಿನೋಡಿ. ತುಟಿ ಅಲುಗಿತೇ, ಪಾದ ತಾಳ ಹಾಕಿತೇ, ಕಣ್ಣು ನಿಮ್ಮ ಕಡೆ ತಿರುಗಿತೇ? ಈ ಮೂರರಲ್ಲಿ ಒಂದಾದರೂ ಕಂಡ ಹಾಡು ಪಟ್ಟಿಯಲ್ಲಿರಲಿ. ನಾಲ್ಕು ದಿನ ಕಳೆಯುವಷ್ಟರಲ್ಲಿ ಐದಾರು ಹಾಡು ಉಳಿದರೆ ಧಾರಾಳವಾಯಿತು.

ಹೊತ್ತು, ಜಾಗ, ಶ್ರುತಿ

ಕತ್ತಲಾಗುತ್ತಿದ್ದಂತೆ ಚಡಪಡಿಕೆ ಶುರುವಾಗುವವರಿಗೆ ಅದಕ್ಕೆ ಒಂದು ಗಂಟೆ ಮುಂಚೆ ಕೂರಿಸಿ. ಇಪ್ಪತ್ತು ನಿಮಿಷ ಸಾಕು. ಟಿವಿ ಆರಿಸಿ, ಕುಕ್ಕರ್ ಕೂಗುವ ಹೊತ್ತು ಬೇಡ. ಶ್ರವಣಯಂತ್ರ ಇದ್ದರೆ ಹಾಕಿಸಿ, ಬ್ಯಾಟರಿ ನೋಡಿ. ನೀವು ಎದುರಿಗೆ ಎರಡು ಮೂರು ಅಡಿ ದೂರದಲ್ಲಿ, ನಿಮ್ಮ ಮುಖದ ಮೇಲೆ ಬೆಳಕು ಬೀಳುವಂತೆ ಕೂರಿ. ಪದ ಮರೆತವರು ತುಟಿ ನೋಡಿಕೊಂಡು ಹಾಡುತ್ತಾರೆ. ಅವರ ಕುರ್ಚಿಗೆ ಕೈ ಇರಲಿ.

ಮನೆಯವರು ಹೆಚ್ಚಾಗಿ ಎಡವುವುದು ಶ್ರುತಿಯಲ್ಲಿ. ವಯಸ್ಸಾದಂತೆ ಹೆಂಗಸರ ದನಿ ತಗ್ಗುತ್ತದೆ. ಒಂದು ಕಾಲದಲ್ಲಿ ಐದೂವರೆ ಮನೆಯ ಎತ್ತರದ ಶ್ರುತಿಗೆ ಹಾಡುತ್ತಿದ್ದವರು ಈಗ ತಗ್ಗಿನ ಮೂರು ಮನೆಗೂ ಕಷ್ಟಪಡಬಹುದು. ಮೊಬೈಲಿನಲ್ಲಿ ಮೂಲ ಹಾಡು ಹಾಕಿದರೆ ಎರಡು ಸಾಲು ಪ್ರಯತ್ನಿಸಿ ಸುಮ್ಮನಾಗುತ್ತಾರೆ. ಅಮ್ಮನಿಗೆ ಇಷ್ಟವಿಲ್ಲ ಎಂದು ಮನೆಯವರು ತಿಳಿದುಕೊಳ್ಳುತ್ತಾರೆ. ಅವರು ಮಾತಾಡುವಾಗ ದನಿ ಎಲ್ಲಿ ನಿಲ್ಲುತ್ತದೋ ಅಲ್ಲಿ ‘ಮ್‌’ ಎಂದು ಗುನುಗಿ, ಅಲ್ಲಿಂದಲೇ ಹಾಡು ಎತ್ತಿಕೊಳ್ಳಿ. ಹಾಡಿನ ಗತಿ ಮೂಲಕ್ಕಿಂತ ಸ್ವಲ್ಪ ನಿಧಾನವಿರಲಿ. ತೀರಾ ಎಳೆದರೆ ಮಾತ್ರ ಉಸಿರು ಸಾಲದೆ ಸಾಲು ಮುರಿಯುತ್ತದೆ.

ನಿಮ್ಮ ಕಂಠ ಚೆನ್ನಾಗಿಲ್ಲ ಎಂದು ಸ್ಪೀಕರ್‌ಗೆ ಕೆಲಸ ಒಪ್ಪಿಸಬೇಡಿ. ರೆಕಾರ್ಡಿಂಗ್ ಅವರಿಗಾಗಿ ಕಾಯುವುದಿಲ್ಲ, ನೀವು ಕಾಯುತ್ತೀರಿ.

ಇಪ್ಪತ್ತು ನಿಮಿಷ ಹೀಗಿರಲಿ

ಮೊದಲ ಎರಡು ನಿಮಿಷ ಪದವಿಲ್ಲದೆ ಗುನುಗಿ. ಅವರು ಒಪ್ಪಿದರೆ ಅಂಗೈಯನ್ನು ನಿಮ್ಮ ಅಂಗೈ ಮೇಲೆ ಇರಿಸಿಕೊಂಡು ಮೆಲ್ಲಗೆ ತಾಳ ಹಾಕಿ. ಆಮೇಲೆ ಅತ್ಯಂತ ಪರಿಚಿತ ಹಾಡಿನ ಪಲ್ಲವಿಯನ್ನು ಮಾತ್ರ ನಾಲ್ಕು ಸಲ ಹೇಳಿ. ಮೂರನೇ ಸಲಕ್ಕೆ ಸಾಲಿನ ಕೊನೆಯ ಪದ ಬಿಟ್ಟು, ಅವರ ಮುಖ ನೋಡುತ್ತಾ ಮನಸ್ಸಿನಲ್ಲೇ ಎಂಟರವರೆಗೆ ಎಣಿಸಿ. ಈ ಮೌನ ಕಷ್ಟವೆನಿಸುತ್ತದೆ. ಆದರೆ ಪದ ಬರಲು ಕೆಲವು ಸೆಕೆಂಡ್ ಬೇಕಾಗಬಹುದು. ಬರದಿದ್ದರೆ ನೀವೇ ಹೇಳಿ ಮುಂದುವರಿಸಿ. ಪದ ತಪ್ಪಿದರೆ ತಿದ್ದಬೇಡಿ, ಅವರು ಹೇಳಿದಂತೆಯೇ ನೀವೂ ಹೇಳಿ.

ನಡುವಿನ ಎಂಟು ಹತ್ತು ನಿಮಿಷ ಮೈ ಅಲುಗುವ ಹಾಡಿಗೆ. ಬೀಸುವ ಪದ ಇದಕ್ಕೆ ಹೇಳಿ ಮಾಡಿಸಿದಂತಿದೆ. ರಾಗಿ ಕಲ್ಲಿನ ಮುಂದೆ ಕೂತು ಬೆಳೆದವರ ತೋಳಿಗೆ ಆ ಸುತ್ತು ಗೊತ್ತು. ಮೇಜಿನ ಮೇಲೆ ಮಡಚಿದ ಟವೆಲ್ ಇಟ್ಟು, ಅದರ ಮೇಲೆ ಅವರ ಕೈ, ಪಕ್ಕದಲ್ಲಿ ನಿಮ್ಮ ಕೈ. ಹಾಡಿನ ಲಯಕ್ಕೆ ಹತ್ತು ಸುತ್ತು ಬಲಕ್ಕೆ, ಹತ್ತು ಎಡಕ್ಕೆ. ಭುಜ ನೋವಿದ್ದರೆ ಸುತ್ತು ಚಿಕ್ಕದಾಗಲಿ. ನಿಜವಾದ ಕಲ್ಲು ಬೇಡ. ಗದ್ದೆಯ ಕೆಲಸ ಮಾಡಿದವರಿಗೆ ನಾಟಿ ಪದ, ಊರಲ್ಲಿ ಕೋಲಾಟ ಆಡಿದವರಿಗೆ ಎರಡು ಹಗುರ ಕೋಲು, ಅದೂ ಕೂತಲ್ಲೇ. ಕಂಚಿನ ತಾಳದ ಚುರುಕು ಶಬ್ದ ಶ್ರವಣಯಂತ್ರದಲ್ಲಿ ಕಿವಿಗೆ ಚುಚ್ಚುತ್ತದೆ. ಬದಲಿಗೆ ಸ್ಟೀಲ್ ಡಬ್ಬಿಗೆ ಒಂದು ಹಿಡಿ ರಾಗಿ ಹಾಕಿ, ಮುಚ್ಚಳದ ಸುತ್ತ ಟೇಪ್ ಸುತ್ತಿ ಕೊಡಿ.

ಕೊನೆಗೆ ದಿನವೂ ಅದೇ ಒಂದು ನಿಧಾನದ ಹಾಡು. ಭಜನೆಯಲ್ಲಿ ಮಂಗಳ ಹೇಳಿದರೆ ಮುಗಿಯಿತೆಂದು ಎಲ್ಲರಿಗೂ ತಿಳಿಯುವ ಹಾಗೆ, ಕೆಲವು ದಿನಗಳಲ್ಲಿ ಅವರಿಗೂ ಅದು ರೂಢಿಯಾಗಬಹುದು.

ಎಲ್ಲಿ ಕೆಡುತ್ತದೆ

‘ಇದು ಯಾವ ಹಾಡು ಹೇಳಿ ನೋಡೋಣ, ಯಾರು ಹಾಡಿದ್ದು?’ ಎಂಬ ಪ್ರಶ್ನೆ ಎಲ್ಲವನ್ನೂ ಕೆಡಿಸುತ್ತದೆ. ಹಾಡುತ್ತಿದ್ದವರು ಪರೀಕ್ಷೆಗೆ ಕೂತಂತಾಗಿ ಮುದುಡುತ್ತಾರೆ. ನೆಂಟರು ಬಂದಾಗ ‘ಅಜ್ಜಿ, ಒಂದು ಹಾಡು ಹೇಳಿ’ ಎಂದು ವಿಡಿಯೋ ಹಿಡಿಯುವುದೂ ಅಷ್ಟೇ ಕೆಟ್ಟದ್ದು. ಯೂಟ್ಯೂಬ್‌ನಲ್ಲಿ ಹಾಡಿನ ನಡುವೆ ಜೋರಾಗಿ ಬರುವ ಜಾಹೀರಾತಿಗೆ ಬೆಚ್ಚಿಬೀಳುವವರಿದ್ದಾರೆ, ಹಾಕಲೇಬೇಕಿದ್ದರೆ ಮೊದಲೇ ಇಳಿಸಿಕೊಂಡಿರಿ. ಬೆಳಗಿನಿಂದ ರಾತ್ರಿವರೆಗೆ ಹಾಡು ಹಾಕಿಟ್ಟರೆ ಅದು ಬರೀ ಗದ್ದಲವಾಗುತ್ತದೆ. ಬಾಯಲ್ಲಿ ಬಿಸ್ಕತ್ತು ಇರುವಾಗ ಹಾಡಿಸಬೇಡಿ. ಈ ಕಾಯಿಲೆಯಲ್ಲಿ ನುಂಗುವುದೂ ಹದ ತಪ್ಪುತ್ತದೆ.

ಕಣ್ಣೀರು ಬಂದರೆ ಗಾಬರಿ ಬೇಡ. ಕೈ ನಿಮ್ಮ ಕೈಯಲ್ಲೇ ಇದ್ದು ಉಸಿರು ಸಮವಾಗಿದ್ದರೆ ಹಾಡು ಮುಗಿಸಿ, ಜೊತೆಗಿರಿ. ಕೈ ಕೊಸರಿಕೊಂಡರೆ, ಎದ್ದು ಹೊರಟರೆ, ತೀರಿಹೋದವರನ್ನು ಮತ್ತೆ ಮತ್ತೆ ಕೂಗತೊಡಗಿದರೆ ಪದ ನಿಲ್ಲಿಸಿ, ಬರೀ ಗುನುಗಿ, ಆ ಹಾಡನ್ನು ಪಟ್ಟಿಯಿಂದ ತೆಗೆಯಿರಿ. ಸಾವಿನ ಮನೆಯಲ್ಲಿ ಹೇಳುವ ಭಜನೆಗಳ ಬಗ್ಗೆ ಮೊದಲೇ ಎಚ್ಚರವಿರಲಿ.

ಒಂದು ನೋಟ್‌ಬುಕ್ ಇಡಿ: ತಾರೀಖು, ಹಾಡುವ ಮೊದಲು ಹೇಗಿದ್ದರು, ಯಾವ ಹಾಡಿಗೆ ಏನಾಯಿತು, ಆ ರಾತ್ರಿ ನಿದ್ದೆ ಹೇಗಿತ್ತು. ಎರಡು ವಾರದ ಬರಹ ಕೈಯಲ್ಲಿದ್ದರೆ ಯಾವ ಹಾಡು ಸ್ನಾನಕ್ಕೆ ಮುಂಚೆ ನೆರವಾಗುತ್ತದೆ, ಯಾವುದು ರಾತ್ರಿಗೆ ಬೇಡ ಎಂಬುದು ಗೊತ್ತಾಗುತ್ತದೆ.

ಮನೆಯ ಹಾಡು ಮ್ಯೂಸಿಕ್ ಥೆರಪಿಗೆ ಬದಲಿಯಲ್ಲ. ತರಬೇತಿ ಪಡೆದ ಥೆರಪಿಸ್ಟ್ ಮೊದಲು ಪರೀಕ್ಷಿಸಿ, ಗುರಿ ಹಾಕಿಕೊಂಡು, ಬದಲಾವಣೆ ಅಳೆಯುತ್ತಾರೆ. ಅಂಥವರು ಸಿಕ್ಕರೆ ಈ ನೋಟ್‌ಬುಕ್ ಅವರಿಗೆ ತೋರಿಸಿ. ಪಾರ್ಶ್ವವಾಯುವಾಗಿ ಮಾತು ನಿಂತವರಿಗೂ ಹಾಡಿನ ಮೂಲಕ ಮಾತು ಕಲಿಸುವ ವಿಧಾನವಿದೆ, ಆದರೆ ಅದು ಸ್ಪೀಚ್ ಥೆರಪಿಸ್ಟ್ ಮಾಡಬೇಕಾದ ಕೆಲಸ. ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಗೊಂದಲ ಹೆಚ್ಚಿದರೆ ಹಾಡು ಬದಿಗಿಟ್ಟು ವೈದ್ಯರ ಬಳಿ ಹೋಗಿ, ಮೂತ್ರದ ಸೋಂಕೋ ಔಷಧದ ಪರಿಣಾಮವೋ ಇರಬಹುದು. ಹಿರಿಯರ ಸಹಾಯವಾಣಿ ಎಲ್ಡರ್‌ಲೈನ್ 14567. ನೋಡಿಕೊಳ್ಳುವವರ ಮನಸ್ಸೇ ಸೋತಾಗ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು.