ಸುರಂಗದ ನೀರಿಗೆ ಪ್ಲಾಸ್ಮಾ: ನನ್ನ ಅನುಭವ

ಕಾಸರಗೋಡಿನ ಪೆರ್ಲದ ಬಳಿ, ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ನಮ್ಮ ತೋಟದ ಸುರಂಗದ ನೀರು ನೋಡಲು ಸದಾ ತಿಳಿಯಾಗಿದ್ದರೂ, ಆಟಿಯ ಮಳೆಗೆ ಗುಡ್ಡದ ಮೇಲಿನ ಹಟ್ಟಿಯ ಕಡೆಯಿಂದ ಒಸರು ಸೇರಿದೊಡನೆ ಎಚ್‌ಟುಎಸ್ ಬಾಟಲಿ (ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗುವ ಪರೀಕ್ಷೆಯ ಬಾಟಲಿ) ಮರುದಿನವೇ ಕಪ್ಪಾಗುತ್ತಿತ್ತು. ಬ್ಲೀಚಿಂಗ್ ಪೌಡರ್ ಹಾಕಿದ ನೀರನ್ನು ಅಮ್ಮ ಬಾಯಿಗೆ ಮುಟ್ಟಿಸುವುದಿಲ್ಲ. ಪಂಪ್ ರಿಪೇರಿಯ ನಾನು ಪ್ಲಾಸ್ಮಾದ, ಅಂದರೆ ಹೆಚ್ಚು ವೋಲ್ಟೇಜಿನ ವಿದ್ಯುತ್ತನ್ನು ಗಾಳಿಯಲ್ಲಿ ಹಾಯಿಸಿ ನೀರಿನ ರೋಗಾಣು ಕೊಲ್ಲುವ ಉಪಾಯದ ಮಾತೆತ್ತಿದಾಗ ನೆರೆಮನೆಯ ಅಣ್ಣ, "ಕುದಿಸಿದರೆ ಮುಗಿಯುವ ಕೆಲಸಕ್ಕೆ ಇಷ್ಟು ಸರ್ಕಸ್ ಯಾಕೆ ಮಾರಾಯ?" ಎಂದು ನಕ್ಕಿದ್ದರು. ಈ ಆಟಿಯಲ್ಲಿ ನನ್ನ ಯಂತ್ರದ ನೀರು ತುಂಬಿದ ಒಂಬತ್ತು ಬಾಟಲಿಗಳು ಸಾಲಾಗಿ ಬಣ್ಣ ಬದಲಿಸಲಿಲ್ಲ. ಪ್ರಯೋಗಾಲಯದ ವರದಿಯಲ್ಲಿಯೂ 100 ಮಿಲಿಲೀಟರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇಲ್ಲವೆಂದು ಬಂದಿದೆ.

ಮೊದಲು ನೀರಿನ ಮೇಲೆ ಸೂಜಿ ಹಿಡಿದು ಕಿಡಿ ಹಾರಿಸಿದ್ದೆ. ಗಾಳಿಯ ನೈಟ್ರೋಜನ್ ಉರಿದು ನೀರಿಗಿಳಿದದ್ದರಿಂದ ನೀರು ಹುಳಿಯಾಗಿ ಪಿಎಚ್ ನಾಲ್ಕರ ಹತ್ತಿರಕ್ಕೆ ಕುಸಿಯಿತು, ಸೂಜಿಯ ಮೊನೆಯೂ ಸವೆಯಿತು. ಆಮೇಲೆ ಕಿಡಿ ನೇರ ನೀರಿಗೆ ತಾಗದಂತೆ ನಡುವೆ ಹಳೆಯ ಟ್ಯೂಬ್‌ಲೈಟಿನ ಗಾಜು ಬಳಸಿದೆ. ಮೂರನೆಯ ರಾತ್ರಿ ಅದು ತೂತಾಗಿ, ಎರಡೂವರೆ ಸಾವಿರ ಕೊಟ್ಟು ತಂದಿದ್ದ ನಿಯಾನ್ ಬೋರ್ಡಿನ ಟ್ರಾನ್ಸ್‌ಫಾರ್ಮರನ್ನೂ ಸುಟ್ಟಿತು. ಒಟ್ಟು ಹದಿನಾಲ್ಕು ಸಾವಿರದಷ್ಟು ಖರ್ಚಾಗಿರಬೇಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಗುಜರಿಗೆ ಹೋಯಿತು.

ಕೊನೆಗೆ ಮಂಗಳೂರಿನಿಂದ ತಂದ ಬೋರೋಸಿಲಿಕೇಟ್ ಎಂಬ ಬಿಸಿ ತಾಳುವ ಗಾಜಿನ ಕೊಳವೆಯೊಳಗೆ ಸ್ಟೀಲ್ ತಂತಿಯಿಟ್ಟು, ಕೊಳವೆಯನ್ನೇ ನೀರಿನಲ್ಲಿ ಮುಳುಗಿಸಿ, ಅರ್ಥ್ ಮಾಡಿದ ನೀರನ್ನೇ ಇನ್ನೊಂದು ಎಲೆಕ್ಟ್ರೋಡ್ ಆಗಿಸಿದೆ. ಕೊಳವೆಯೊಳಗಿನ ಗಾಳಿಯ ಆಮ್ಲಜನಕ ಇಲ್ಲಿ ರೋಗಾಣು ಕೊಲ್ಲುವ ಓಝೋನ್ ಅನಿಲವಾಗುತ್ತದೆ. ಗಾಜು ತಣ್ಣಗಿದ್ದಷ್ಟು ಅದು ಉಳಿಯುತ್ತದೆ. ಮೀನಿನ ತೊಟ್ಟಿಯ ಪಂಪು ಒಣಗಾಳಿಯನ್ನು ಕೊಳವೆಯೊಳಗಿನಿಂದ ಹಾಯಿಸಿ ಗುಳ್ಳೆಗಳಾಗಿ ಬಿಡುತ್ತದೆ. ಇಪ್ಪತ್ತು ಲೀಟರಿಗೆ ಇಪ್ಪತ್ತೈದು ನಿಮಿಷ ಸಾಕು. ಗಾಳಿಯ ತೇವ ಹೀರಲು ಇಟ್ಟ ಸಿಲಿಕಾ ಜೆಲ್ ಹರಳು ನೀಲಿಯಿಂದ ಗುಲಾಬಿಗೆ ತಿರುಗಿತೆಂದರೆ ಹಳೆಯ ಬಾಣಲೆಯಲ್ಲಿ ಹುರಿಯಬೇಕು. ಮಳೆಗಾಲದಲ್ಲಿ ಇದು ದಿನಬಿಟ್ಟು ದಿನದ ಕೆಲಸ. ರಬ್ಬರ್ ಪೈಪು ಎಂಟೇ ದಿನಕ್ಕೆ ಬಿರಿದದ್ದರಿಂದ ಸಿಲಿಕೋನಿನದನ್ನು ಹಾಕಿದೆ. ಓಝೋನಿನ ವಾಸನೆಗೆ ತಲೆನೋವು ಬರುವುದರಿಂದ ಇಡೀ ಯಂತ್ರ ಹೊರಗಿನ ಮಾಡಿನಡಿಯಲ್ಲಿದೆ. ತಂತಿಗೂ ಗಾಜಿಗೂ ನಡುವೆ ಬಿಟ್ಟ ಅಂತರವನ್ನೂ, ಮೇಲ್ತುದಿಯನ್ನು ಮುಚ್ಚಿದ ಬಗೆಯನ್ನೂ ಇಲ್ಲಿ ಹೇಳಲಾರೆ. ಅವೆರಡಕ್ಕೆ ನನ್ನ ಎರಡು ಮಳೆಗಾಲ ಹೋಗಿದೆ.

ಅದೇ ಅಣ್ಣನ ಬೋರ್‌ವೆಲ್ ನೀರನ್ನೂ ಒಮ್ಮೆ ಹಾಕಿ ನೋಡಿದೆ. ಐದೇ ನಿಮಿಷಕ್ಕೆ ಕಬ್ಬಿಣದಂಶ ತುಕ್ಕಾಗಿ ತಳಕ್ಕಿಳಿದು ಕ್ಯಾನು ಕೆಂಪಾಯಿತು, ಓಝೋನೆಲ್ಲ ಅದಕ್ಕೇ ಖರ್ಚಾಗಿ ಬಾಟಲಿ ಮಾತ್ರ ಕಪ್ಪಾಯಿತು. ಅವರ ನೀರನ್ನು ಈಗ ಮೊದಲು ಮರಳಿನಲ್ಲಿ ಸೋಸುತ್ತೇನೆ.

ಕ್ಲೋರಿನ್‌ನಂತೆ ಇದರ ಪ್ರಭಾವ ನೀರಿನಲ್ಲಿ ಉಳಿಯುವುದಿಲ್ಲ. ತೆರೆದ ಕೊಡದಲ್ಲಿ ಎರಡು ದಿನವಿಟ್ಟ ನೀರು ಮತ್ತೆ ಬಾಟಲಿಯನ್ನು ಕಪ್ಪಾಗಿಸಿದ ಮೇಲೆ, ಬೆಳಗ್ಗೆ ಮಾಡಿದ್ದನ್ನು ಮುಚ್ಚಿಟ್ಟು ರಾತ್ರಿಯೊಳಗೆ ಮುಗಿಸುತ್ತೇವೆ, ಮಿಕ್ಕದ್ದು ತುಳಸಿಕಟ್ಟೆಗೆ.