ಶಟ್‌ಡೌನ್ ಆದ ಮೇಲೂ ಮೀಟರ್ ಮಿಟುಕುತ್ತಿತ್ತು

ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿ ಬಂದಾಗ ನಮ್ಮ ಮನೆಗೆ ಸಿಕ್ಕ ಮಿತಿ ತಿಂಗಳಿಗೆ 88 ಯೂನಿಟ್. 2022-23ರಲ್ಲಿ ನಮ್ಮ ಸರಾಸರಿ 80 ಇತ್ತು, ಅದರ ಮೇಲೆ ಶೇಕಡಾ ಹತ್ತು. ಮೊದಲು ಕೆಲವು ತಿಂಗಳು ಬಿಲ್ಲು ಸೊನ್ನೆ ಬಂತು. ಆಮೇಲೆ ಮಗಳು ಡಿಪ್ಲೊಮಾಕ್ಕೆ ಸೇರಿದಳು, ಅವಳಿಗೂ ಒಂದು ಕಂಪ್ಯೂಟರ್ ಬಂತು. ಮೀಟರ್ 105, 107 ಅಂತ ಏರಿತು. ಮಿತಿ ದಾಟಿದಷ್ಟಕ್ಕೆ ಮಾತ್ರ ದುಡ್ಡು, ನೂರು ಚಿಲ್ಲರೆ ಅಷ್ಟೇ. ಆದರೆ ಸೊನ್ನೆ ಬಿಲ್ಲಿನ ರುಚಿ ಹತ್ತಿದವರಿಗೆ ಆ ನೂರು ಚಿಲ್ಲರೆಯೂ ಚುಚ್ಚುತ್ತದೆ.

ನಮ್ಮ ಮನೆ ಬೆಟಗೇರಿಯಲ್ಲಿ. ಹಗಲೆಲ್ಲ ನಾನು ಗದಗಿನ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತೇನೆ. ರಾತ್ರಿ ಮನೆಯಲ್ಲಿ ಮೂರ್ನಾಲ್ಕು ತಾಸು ಪ್ರೂಫು, ಲಗ್ನಪತ್ರಿಕೆ. ಮಗಳು ಕೂರುವುದೂ ಆಗಲೇ. ಅಂದರೆ ದಿನಕ್ಕೆ 20 ತಾಸು ಎರಡೂ ಕಂಪ್ಯೂಟರ್ ಬಂದ್ ಇರುತ್ತವೆ. ಹಾಗಿದ್ದಮೇಲೆ ಇವು ಎಷ್ಟು ಉಂಡಾವು ಅಂತ ನಾನು ಸುಮ್ನೆ ಇದ್ದೆ.

ಅನುಮಾನ ಹುಟ್ಟಿಸಿದ್ದು ಮೌಸು. ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ಕತ್ತಲಲ್ಲಿ ಅದರ ಅಡಿಯಿಂದ ಕೆಂಪು ಬೆಳಕು ಚೆಲ್ಲಿತ್ತು. ಶಟ್‌ಡೌನ್ ಮಾಡಿ ಎರಡು ತಾಸಾಗಿತ್ತು. ಇದರ ಗುಟ್ಟು ಸಿಪಿಯು ಡಬ್ಬಿಯೊಳಗೆ ಕರೆಂಟು ಹಂಚುವ ಎಸ್‌ಎಂಪಿಎಸ್‌ನಲ್ಲಿದೆ. ಗೋಡೆಯ ಸ್ವಿಚ್ ಆನ್ ಇರುವ ತನಕ ಅದು ನೇರಳೆ ಬಣ್ಣದ ಒಂದು ವೈರಿನಲ್ಲಿ 5 ವೋಲ್ಟ್ ಹರಿಸುತ್ತಲೇ ಇರುತ್ತದೆ. ಮುಂದಿನ ಗುಂಡಿ ಒತ್ತಿದರೆ ಕಂಪ್ಯೂಟರ್ ಏಳುವುದು ಈ ವೈರಿನ ಕರೆಂಟಿನಿಂದಲೇ. ಅಂದರೆ ಶಟ್‌ಡೌನ್ ಆದ ಯಂತ್ರ ಒಂದು ಕಣ್ಣು ತೆರೆದೇ ಮಲಗಿರುತ್ತದೆ.

ಎಷ್ಟು ತಿನ್ನುತ್ತದೆ ಅಂತ ನೋಡಲು ಅಳೆಯುವ ಸಾಧನ ಕೊಳ್ಳಬೇಕೇ? ಬೇಡ, ಮನೆ ಮುಂದೆಯೇ ಒಂದಿದೆ. ನಮ್ಮ ಮೀಟರಿನ ಮೇಲೆ 3200 ಇಂಪ್ ಅಂತ ಬರೆದಿದೆ. ಅದರ ಕೆಂಪು ದೀಪ 3200 ಸಲ ಮಿಟುಕಿದರೆ ಒಂದು ಯೂನಿಟ್. ಒಂದು ಯೂನಿಟ್ ಅಂದರೆ 36 ಲಕ್ಷ ವ್ಯಾಟ್-ಸೆಕೆಂಡ್, ಅದನ್ನು 3200ರಿಂದ ಭಾಗಿಸಿದರೆ 1125. ಈ 1125ನ್ನು ಎರಡು ಮಿಟುಕಿನ ನಡುವಿನ ಸೆಕೆಂಡುಗಳಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. ನಿಮ್ಮ ಮೀಟರಿನಲ್ಲಿ ಬೇರೆ ಸಂಖ್ಯೆ ಇದ್ದರೆ 36 ಲಕ್ಷವನ್ನು ಅದರಿಂದ ಭಾಗಿಸಿ, ನಿಮ್ಮ 1125 ಯಾವುದು ಅಂತ ಗೊತ್ತಾಗುತ್ತದೆ.

ಮಾರ್ಚಿನ ಒಂದು ರಾತ್ರಿ ಕಂಪ್ಯೂಟರ್ ಕೋಣೆಯ ಎಂಸಿಬಿ (ಆ ಲೈನಿನ ಟ್ರಿಪ್ ಸ್ವಿಚ್) ಒಂದನ್ನು ಬಿಟ್ಟು ಉಳಿದ ಎಲ್ಲವನ್ನೂ ಇಳಿಸಿದೆ, ಫ್ರಿಜ್ಜಿನದೂ ಸೇರಿ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಮೀಟರ್ ಮುಂದೆ ನಿಂತೆ. ಮಗಳು ಒಳಗೆ ನಾನು ಹೇಳಿದ ಪ್ಲಗ್ ತೆಗೆಯಬೇಕು. ಪಕ್ಕದ ಮನೆಯವರು ಗೇಟ್ ಹಾಕಲು ಬಂದವರು ನೋಡಿದರು. “ಏನ್ರೀ ಸರ, ರಾತ್ರಿ ಹತ್ತರಾಗ ಮೀಟರಿಗೆ ಪೂಜಿ ಮಾಡಾಕತ್ತೀರೇನು?”

ಎಲ್ಲ ಬಂದ್ ಇದ್ದರೂ 25 ಸೆಕೆಂಡಿಗೊಂದು ಮಿಟುಕು. 45 ವ್ಯಾಟ್! ಐದು ಎಲ್‌ಇಡಿ ಬಲ್ಬ್ ಹಗಲೂ ರಾತ್ರಿ ಉರಿಸಿದ ಹಾಗೆ. ಸ್ಪೀಕರ್ ತೆಗೆಸಿದೆ, 30 ಸೆಕೆಂಡ್ ಆಯಿತು. ಎರಡೂ ಸಿಪಿಯು ಮತ್ತು ಮಾನಿಟರ್ ತೆಗೆದಾಗ 38. ನಿದ್ದೆಯಲ್ಲಿದ್ದ ಹಳೇ ಲೇಸರ್ ಪ್ರಿಂಟರ್ ತೆಗೆದಾಗ 44. ಸ್ಕ್ಯಾನರ್, ಇಂಕ್ ಪ್ರಿಂಟರ್, ಎರಡು ಮೊಬೈಲ್ ಚಾರ್ಜರ್ ಎಲ್ಲ ಸೇರಿ ತೆಗೆದರೂ 47 ಅಷ್ಟೇ. ಕೊನೆಗೆ ಎರಡು ಯುಪಿಎಸ್ ತೆಗೆದದ್ದೇ ತಡ, ಮಿಟುಕು ನಿಂತೇ ಹೋಯಿತು ಅನ್ನಿಸಿತು. ಕಾದೆ, ಕಾದೆ. 112 ಸೆಕೆಂಡ್. ಉಳಿದಿದ್ದು ರೌಟರ್ ಮತ್ತು ಫೈಬರ್ ಡಬ್ಬಿ, 10 ವ್ಯಾಟ್.

ಒಂದು ಮಾತು. ಚಾರ್ಜರ್ ಒಂದನ್ನೇ ಹಚ್ಚಿ ಅಳೆಯಲು ಹೋಗಬೇಡಿ. ತೀರಾ ಸಣ್ಣ ಹೊರೆಯನ್ನು ಮೀಟರ್ ಹಿಡಿಯುವುದಿಲ್ಲ. ಎಲ್ಲ ಹಚ್ಚಿಟ್ಟು ಒಂದೊಂದೇ ಕಳೆಯುತ್ತ ಹೋದರೆ ಲೆಕ್ಕ ಸಿಗುತ್ತದೆ.

ನಾನು ಬೈಯುತ್ತಿದ್ದದ್ದು ಚಾರ್ಜರುಗಳನ್ನು. ತಿನ್ನುತ್ತಿದ್ದವು ಯುಪಿಎಸ್ ಮತ್ತು ಸ್ಪೀಕರ್. ಸ್ಪೀಕರಿನ ಗುಂಡಿ ಬಂದ್ ಮಾಡಿದರೂ ಒಳಗಿನ ಟ್ರಾನ್ಸ್‌ಫಾರ್ಮರ್‌ಗೆ ಕರೆಂಟ್ ಹೋಗುತ್ತಲೇ ಇತ್ತು. ಗುಂಡಿ ಇದ್ದದ್ದು ಟ್ರಾನ್ಸ್‌ಫಾರ್ಮರ್ ದಾಟಿದ ಮೇಲೆ. ಡಬ್ಬಿ ಮುಟ್ಟಿದರೆ ಬೆಚ್ಚಗೆ. ನಮ್ಮ ಬೆಕ್ಕು ಚಳಿಗಾಲವೆಲ್ಲ ಅದರ ಮೇಲೇ ಯಾಕೆ ಮಲಗುತ್ತಿತ್ತು ಅಂತ ಆಗ ತಿಳಿಯಿತು.

ಹಾಗಾದರೆ ಗೋಡೆಯ ಸ್ವಿಚ್ಚನ್ನೇ ಬಂದ್ ಮಾಡಬಹುದಿತ್ತಲ್ವಾ? ಬೋರ್ಡ್ ಇದ್ದದ್ದು ಮೇಜಿನ ಹಿಂದೆ, ಮೊಣಕಾಲು ಮಟ್ಟದಲ್ಲಿ. ದಿನಾ ರಾತ್ರಿ ಯಾರು ಬಗ್ಗುತ್ತಾರೆ? ಎಲೆಕ್ಟ್ರಿಷಿಯನ್ ಕರೆಸಿ, ಆ ಬೋರ್ಡಿನ ಲೈನಿಗೆ ಬಾಗಿಲ ಪಕ್ಕ, ಲೈಟಿನ ಸ್ವಿಚ್ಚಿನ ಕೆಳಗೇ 16 ಆಂಪಿಯರ್ ಸ್ವಿಚ್ ಒಂದನ್ನು ಹಾಕಿಸಿದೆ. ವೈರು, ಕೂಲಿ ಎಲ್ಲ ಸೇರಿ 450 ರೂಪಾಯಿ. ಈಗ ಲೈಟ್ ಆರಿಸುವ ಕೈಯೇ ಅದನ್ನೂ ಆರಿಸುತ್ತದೆ. ರೌಟರನ್ನು ಬೇರೆ ಪಾಯಿಂಟಿಗೆ ಹಚ್ಚಿದೆ.

ಮೊದಲ ರಾತ್ರಿಯೇ ಫಜೀತಿ. ಸ್ವಿಚ್ ಆರಿಸಿ ಮಲಗಿದರೆ ಎರಡೂ ಯುಪಿಎಸ್ ಕೀಂ ಕೀಂ ಅಂತ ಕೂಗತೊಡಗಿದವು. ಅವಕ್ಕೇನು ಗೊತ್ತು, ಕರೆಂಟ್ ಹೋಯಿತು ಅಂತ ಬ್ಯಾಟರಿ ಮೇಲೆ ಓಡುತ್ತಿದ್ದವು. ಮೊದಲು ಕಂಪ್ಯೂಟರ್, ಆಮೇಲೆ ಯುಪಿಎಸ್‌ನ ಗುಂಡಿ, ಕೊನೆಗೆ ಗೋಡೆ. ಹೀಗೇ ಆಗಬೇಕು. ರಾತ್ರಿಯಿಡೀ ಬಂದ್ ಇದ್ದರೆ ಬ್ಯಾಟರಿಗೆ ಏನೂ ಆಗಲ್ಲ. ಊರಿಗೆ ಹೋಗಿ ತಿಂಗಳುಗಟ್ಟಲೆ ಬಂದ್ ಇಟ್ಟರೆ ಹಾಳಾಗುತ್ತದೆ.

ಎರಡನೇ ಪೆಟ್ಟು ಇಂಕ್ ಪ್ರಿಂಟರಿನದು. ಅದರ ಗುಂಡಿ ಒತ್ತಿ ಬಂದ್ ಮಾಡಿದರೆ ಹೆಡ್ ಮೂಲೆಗೆ ಹೋಗಿ ಮುಚ್ಚಳದ ಮೇಲೆ ಕೂರುತ್ತದೆ. ಮಗಳು ಪ್ರಿಂಟ್ ತೆಗೆಯುತ್ತಿದ್ದಾಗ ಪೇಪರ್ ಸಿಕ್ಕಿಕೊಂಡು ಹೆಡ್ ನಡುದಾರಿಯಲ್ಲೇ ನಿಂತಿತ್ತು. ನಾನು ನೋಡದೇ ಬಾಗಿಲ ಪಕ್ಕದ ಸ್ವಿಚ್ ಆರಿಸಿದೆ. ಎಪ್ರಿಲ್ ಬಿಸಿಲು ಬೇರೆ. ಮರುದಿನ ಕಪ್ಪು ಅಕ್ಷರಗಳಲ್ಲಿ ಬಿಳಿ ಗೆರೆ. ಮೂರು ಸಲ ಹೆಡ್ ಕ್ಲೀನಿಂಗ್ ಮಾಡಿಸಿದೆ, ಅದು ಕುಡಿದ ಇಂಕು ತಿಂಗಳ ಉಳಿತಾಯಕ್ಕಿಂತ ಜಾಸ್ತಿ. ಈಗ ಅದನ್ನೂ ರೌಟರಿನ ಪಾಯಿಂಟಿಗೇ ಹಚ್ಚಿದ್ದೇನೆ, ಅದರದೇ ಗುಂಡಿಯಿಂದ ಬಂದ್ ಮಾಡುತ್ತೇವೆ. ಒಂದು ವ್ಯಾಟ್ ವರ್ಷವಿಡೀ ಹರಿದರೆ 8.76 ಯೂನಿಟ್, ಐವತ್ತು ರೂಪಾಯಿ ಆಸುಪಾಸು. ಇದು ತಿನ್ನುವುದು ಅದಕ್ಕಿಂತ ಕಡಿಮೆ. ಹೋಗಲಿ ಬಿಡಿ.

ಜೂನಿನಲ್ಲಿ ಇನ್ನೊಂದು. ಒಂದು ಸಂಜೆ ನನ್ನ ಹಳೇ ಕಂಪ್ಯೂಟರಿನಲ್ಲಿ ಯಾವ ಸೈಟೂ ತೆರೆಯಲಿಲ್ಲ. ನೆಟ್ ಇದೆ, ಮಗಳದು ಓಡುತ್ತಿದೆ. ತಲೆ ಕೆಡಿಸಿಕೊಂಡು ಕೊನೆಗೆ ಮೂಲೆಯ ಗಡಿಯಾರ ನೋಡಿದರೆ ತಾರೀಖು 2010. ತಾರೀಖು ಇಷ್ಟು ತಪ್ಪಿದ್ದರೆ ಸೈಟುಗಳು ತೆರೆಯುವುದಿಲ್ಲ. ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಸತ್ತಿತ್ತು. ಇಷ್ಟು ದಿನ ಗಡಿಯಾರ ಓಡಿಸುತ್ತಿದ್ದದ್ದು ಆ ನೇರಳೆ ವೈರಿನ ಕರೆಂಟು. ಅದನ್ನು ನಾನು ಕಡಿದೆ, ಭಾರವೆಲ್ಲ ಮುದಿ ಸೆಲ್ಲಿನ ಮೇಲೆ ಬಿತ್ತು. 40 ರೂಪಾಯಿಯ ಹೊಸದು ಹಾಕಿದೆ.

ಸ್ವಿಚ್ ಹಾಕಿಸಲು ಆಗದವರು ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಪುಟವಾದ ಬಯಾಸ್‌ನಲ್ಲಿ ‘ಇಆರ್‌ಪಿ’ ಅನ್ನುವ ಆಯ್ಕೆ ಹುಡುಕಿ ಆನ್ ಮಾಡಬಹುದು. ಮಗಳ ಕಂಪ್ಯೂಟರಿನಲ್ಲಿ ಮಾಡಿ ನೋಡಿದೆ, ಶಟ್‌ಡೌನ್ ಆದೊಡನೆ ಮೌಸಿನ ಬೆಳಕು ಹೋಯಿತು. ನನ್ನ ಹಳೆಯದರಲ್ಲಿ ಆ ಆಯ್ಕೆಯೇ ಇಲ್ಲ. ಆದರೆ ಯುಪಿಎಸ್ಸಿಗೂ ಸ್ಪೀಕರಿಗೂ ಬಯಾಸ್ ಇರುವುದಿಲ್ಲವಲ್ಲ.

ಎಪ್ರಿಲ್, ಮೇನಲ್ಲಿ ಕೂಲರ್ ಓಡಿದ್ದರಿಂದ ಏನೂ ತಿಳಿಯಲಿಲ್ಲ. 35 ವ್ಯಾಟ್, ದಿನಕ್ಕೆ 20 ತಾಸು, ತಿಂಗಳಿಗೆ 21 ಯೂನಿಟ್ ಇಳಿಯಬೇಕು ಅಂತ ನನ್ನ ಲೆಕ್ಕ. ಜುಲೈ ಬಿಲ್ಲು ಬಂತು: 85 ಯೂನಿಟ್, ಕಟ್ಟಬೇಕಾದ್ದು ಸೊನ್ನೆ. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಮಲಗುವಾಗ ರೌಟರನ್ನೂ ಆರಿಸಿದರೆ ಹೇಗೆ ಅಂತ ಕೇಳಿದೆ. ಮಗಳು ಮೊಬೈಲಿನಿಂದ ತಲೆ ಎತ್ತಲಿಲ್ಲ. “ಅಪ್ಪಾ, ಅದೊಂದನ್ನ ಮುಟ್ಟಬ್ಯಾಡ.”